ಸಂತೆ ಮಾತಿನಿಂದ ಕನ್ನಡ ಪಾಠ ಕಟ್ಟಿದೆ: ನನ್ನ ಅನುಭವ

ಹೋದ ತಿಂಗಳು ನನ್ನ ಹದಿನಾಲ್ಕನೇ ಬ್ಯಾಚ್ ಮುಗಿಯಿತು. ಸೇರಿದವರು 18 ಜನ. ಕೊನೆಯ ದಿನ ಕೂತಿದ್ದವರು 16. ಕನ್ನಡ ಬಾರದವರಿಗೆ ಕನ್ನಡ ಕಲಿಸುವವರಿಗೆ ಈ ಲೆಕ್ಕದ ಬೆಲೆ ಗೊತ್ತು. ಅರ್ಧಕ್ಕರ್ಧ ಜನ ಉಳಿದರೂ ಖುಷಿ ಪಡುವ ಕೆಲಸ ಇದು. ಆರೇಳು ವರ್ಷದ ಹಿಂದೆ ನನ್ನ ಹಿರಿಯ ಮೇಷ್ಟ್ರೊಬ್ಬರು, "ಮಾರ್ಕೆಟ್ ಮಾತನ್ನ ಪಾಠ ಮಾಡ್ತೀಯೇನಮ್ಮಾ? ಅದೆಲ್ಲ ನಡೆಯಲ್ಲ" ಅಂದಿದ್ದರು. ಈ ಬ್ಯಾಚಿಗೆ ಅವರು ತಮ್ಮ ಒಡಿಶಾದ ಸೊಸೆಯನ್ನೇ ಕಳಿಸಿದ್ದರು. ಹಾಗಾಗಿ ಈಗ ಬರೆಯಬಹುದು ಅನ್ನಿಸಿತು.

ನಾನು ಕನ್ನಡ ಎಂ.ಎ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ಆಗಿದೆ. ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಆಗ ತಿಂಗಳಿಗೆ 12 ಸಾವಿರದ ಆಸುಪಾಸು. ಅದೂ ತಿಂಗಳು ತಿಂಗಳು ಬರುತ್ತಿರಲಿಲ್ಲ, ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ ಬರುತ್ತಿತ್ತು. ರಜೆಯಲ್ಲಿ ಏನೂ ಇಲ್ಲ. 2018ರಲ್ಲಿ ಪರಿಚಯದವರೊಬ್ಬರು ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕನ್ನಡ ಕ್ಲಾಸ್ ಕೊಡಿಸಿದರು. ಗಂಟೆಗೆ 600 ರೂಪಾಯಿ. ಮೊದಲ ದಿನ 22 ಜನ ಬಂದರು. ನಾನು ಕಪ್ಪುಹಲಗೆ ಮೇಲೆ ಅ ಆ ಇ ಈ ಬರೆದೆ. ಮೂರನೇ ವಾರ ಕಾಗುಣಿತಕ್ಕೆ ಬಂದಾಗ ಉಳಿದವರು 9. ಒತ್ತಕ್ಷರಕ್ಕೆ ಬಂದಾಗ 5. ಕಂಪನಿಯವರು ಎರಡನೇ ಸಲ ಕರೆಯಲಿಲ್ಲ. ದುಡ್ಡೂ ಐದು ತಿಂಗಳು ತಡವಾಗಿ ಬಂತು.

ಪುಸ್ತಕ ಸರಿಯಿಲ್ಲದ್ದೇ ಕಾರಣ ಅಂದುಕೊಂಡೆ. ನಾನೇ ಒಂದು ಪುಸ್ತಕ ಬರೆದೆ. 300 ಪ್ರತಿ ಹಾಕಿಸಿದೆ, 21 ಸಾವಿರ ಖರ್ಚಾಯಿತು. ಮಾರಾಟವಾದದ್ದು 60 ದಾಟಲಿಲ್ಲ. ಆ ದುಡ್ಡು ಅಮ್ಮನ ಚೀಟಿ ದುಡ್ಡು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಸಂಕಟವಾಗುತ್ತದೆ.

ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟದ್ದು ಕೋಲ್ಕತ್ತಾದ ಒಬ್ಬ ಹುಡುಗಿ. ಆ ಐದು ಜನರಲ್ಲಿ ಅವಳೂ ಒಬ್ಬಳು, ತುಂಬ ಶ್ರದ್ಧೆಯವಳು. ಬಸ್ಸಿನಲ್ಲಿ ಕಂಡಕ್ಟರ್‌ಗೆ "ನಾನು ಮೆಜೆಸ್ಟಿಕ್ಕಿಗೆ ಹೋಗುತ್ತೇನೆ, ಚೀಟಿ ಕೊಡಿ" ಅಂದಳಂತೆ. ಕಂಡಕ್ಟರ್ ಒಂದು ಸಲ ಮುಖ ನೋಡಿ ಹಿಂದಿಯಲ್ಲಿ ಉತ್ತರ ಕೊಟ್ಟರಂತೆ. ಅವಳು ಹೇಳಿದ್ದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ಆ ಬಸ್ಸಿನಲ್ಲಿದ್ದ ಯಾರೂ ಹಾಗೆ ಮಾತಾಡಲ್ಲ. "ಒಂದು ಮೆಜೆಸ್ಟಿಕ್" ಅಂದರೆ ಮುಗಿಯಿತು. ಬರೆಯುವ ಕನ್ನಡ ಬೇರೆ, ಆಡುವ ಕನ್ನಡ ಬೇರೆ ಅಂತ ನಾವು ಭಾಷಾವಿಜ್ಞಾನದ ಪೇಪರಿನಲ್ಲಿ ಹತ್ತು ಅಂಕಕ್ಕೆ ಬರೆದಿರುತ್ತೇವೆ. ಕ್ಲಾಸಿಗೆ ಹೋದಾಗ ಮರೆಯುತ್ತೇವೆ.

ಸರಿ, ಜನ ನಿಜವಾಗಿ ಏನು ಮಾತಾಡುತ್ತಾರೋ ಅದನ್ನೇ ಹಿಡಿದು ತರೋಣ ಅಂತ ಹೊರಟೆ. ಮೊದಲು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಬಸ್ಸಿನಲ್ಲಿ ಮಾಡಿದ ನಾಲ್ಕು ಗಂಟೆ ಪೂರ್ತಿ ದಂಡ. ಇಂಜಿನ್ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಆಮೇಲೆ 8 ಸಾವಿರ ಚಿಲ್ಲರೆಗೆ ಒಂದು ಚಿಕ್ಕ ರೆಕಾರ್ಡರ್, 900ಕ್ಕೆ ಅಂಗಿಗೆ ಸಿಕ್ಕಿಸುವ ಮೈಕ್ ತಗೊಂಡೆ. ಕೆ.ಆರ್. ಮಾರ್ಕೆಟ್ಟಿನ ಹೂವಿನವರು, ನಮ್ಮ ಬೀದಿಯ ತರಕಾರಿ ಗಾಡಿಯವರು, ಇಸ್ತ್ರಿ ಅಂಗಡಿ, ದರ್ಶಿನಿ ಹೋಟೆಲಿನ ಬಿಲ್ ಕೌಂಟರ್, ಆಟೊ. ಎಲ್ಲರಿಗೂ ಮೊದಲೇ ಹೇಳಿ, ಒಪ್ಪಿಗೆ ತಗೊಂಡೆ. ಒಪ್ಪಿಗೆಯನ್ನೂ ಅವರ ದನಿಯಲ್ಲೇ ಮುದ್ರಿಸಿದೆ. ಇದನ್ನು ದಯವಿಟ್ಟು ಬಿಡಬೇಡಿ. ಒಪ್ಪಿಗೆ ಇಲ್ಲದ ರೆಕಾರ್ಡಿಂಗನ್ನು ನಾಳೆ ಯಾವ ಸಂಶೋಧನೆಗೂ, ಯಾವ ಅನುದಾನಕ್ಕೂ ತೋರಿಸಲು ಬರುವುದಿಲ್ಲ. ಶುರುವಿನಲ್ಲಿ ಒಪ್ಪಿಗೆ ಕೇಳದೆ ಮಾಡಿದ ನನ್ನ ಮೊದಲ ಎರಡು ಗಂಟೆ ಹಾಗೇ ವ್ಯರ್ಥವಾಯಿತು. ಮೈಕ್ ಮುಂದೆ ಜನ ಮೊದಲ ಹತ್ತು ನಿಮಿಷ ಭಾಷಣದ ಕನ್ನಡ ಆಡುತ್ತಾರೆ. ಅದನ್ನು ಕತ್ತರಿಸಿ ಬಿಸಾಕಬೇಕು. ವ್ಯಾಪಾರ ಜೋರಾದ ಮೇಲೆ ಬರುವುದೇ ನಿಜವಾದ ಮಾತು.

ಕೊನೆಗೆ ಕೈಗೆ ಸಿಕ್ಕಿದ್ದು ಸುಮಾರು 9 ಗಂಟೆ. ಬರೆದಿಳಿಸಲು ಈಲಾನ್ ಬಳಸಿದೆ. ನೆದರ್ಲೆಂಡ್ಸ್ ದೇಶದ ನೈಮೇಗನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂತ್ರಾಂಶ, ಪುಕ್ಕಟೆ. ಒಂದು ಗಂಟೆ ಮಾತು ಬರೆದಿಳಿಸಲು ಶುರುವಿನಲ್ಲಿ 12 ಗಂಟೆ ಹಿಡಿಯುತ್ತಿತ್ತು, ಆಮೇಲೆ ಎಂಟಕ್ಕೆ ಇಳಿಯಿತು. ಒಂದು ದಸರಾ ರಜೆ, ಒಂದು ಬೇಸಿಗೆ ರಜೆ ಇದಕ್ಕೇ ಹೋದವು. ಒಟ್ಟು 35 ಸಾವಿರ ಪದಗಳ ಹತ್ತಿರ ಬಂತು.

ಯಾವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಲು ಆಂಟ್‌ಕಾಂಕ್ ಅನ್ನುವ ತಂತ್ರಾಂಶ ಹಾಕಿಕೊಂಡೆ. ಜಪಾನಿನ ವಾಸೆದ ವಿಶ್ವವಿದ್ಯಾಲಯದ ಲಾರೆನ್ಸ್ ಆಂಟನಿ ಅವರು ಮಾಡಿದ್ದು, ಇದೂ ಪುಕ್ಕಟೆ. ಇಲ್ಲಿ ನಾನು ಎರಡು ವಾರ ಒದ್ದಾಡಿದೆ. ಪಟ್ಟಿಯ ಮೇಲ್ತುದಿಯಲ್ಲಿ ಕ, ತ, ರ, ಮ ಅಂತ ಬಿಡಿ ಅಕ್ಷರಗಳು! ಕಾರಣ ಸರಳ. ನಮ್ಮ ಸ್ವರಚಿಹ್ನೆ, ಹಲಂತ ಚಿಹ್ನೆ, ಸೊನ್ನೆ ಇವನ್ನೆಲ್ಲ ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್ "ಅಕ್ಷರ" ಅಂತ ಲೆಕ್ಕ ಹಾಕುವುದಿಲ್ಲ, "ಗುರುತು" ಅಂತ ಬೇರೆ ಗುಂಪಿಗೆ ಸೇರಿಸುತ್ತದೆ. ತಂತ್ರಾಂಶದಲ್ಲಿ ಪದ ಅಂದರೆ ಏನು ಅಂತ ಹೇಳುವ ಕಡೆ ಆ ಗುಂಪನ್ನೂ ಸೇರಿಸಿದರೆ ಸರಿಹೋಗುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪದ ಬಿಡಿಸುವವರಿಗೂ ಇದೇ ಕಾಟ. ಆಮೇಲೆ ನೋಡಿದರೆ ಒಂದೇ ಪದ ಪಟ್ಟಿಯಲ್ಲಿ ಎರಡು ಕಡೆ. ಅಕ್ಷರ ಕೂಡಿಸಲು, ಬಿಡಿಸಲು ಕಂಪ್ಯೂಟರ್ ಬಳಸುವ, ಕಣ್ಣಿಗೆ ಕಾಣದ ಜೋಡಕ, ವಿಭಜಕ ಚಿಹ್ನೆಗಳು ಒಳಗೆ ಕೂತಿದ್ದವು. ಟೈಪ್ ಮಾಡುವಾಗ ಅನುಸ್ವಾರದ ಬದಲು ಸೊನ್ನೆ ಅಂಕಿ ಬಿದ್ದ ಕಡೆಯೂ ಹೀಗೇ. ಮೊದಲು ಇವನ್ನು ತೊಳೆದು ಆಮೇಲೆ ಎಣಿಸಿ. "ನುಡಿ", "ಬರಹ" ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೆಯ ಕಡತಗಳಿದ್ದರೆ ಯೂನಿಕೋಡ್‌ಗೆ ಬದಲಾಯಿಸಿದ ಮೇಲೆ ಒಮ್ಮೆ ಕಣ್ಣಾರೆ ಓದಿ.

ಲೆಕ್ಕ ಸರಿಯಾದ ಮೇಲೆ ಬಂದ ಪಟ್ಟಿ ನೋಡಿ ನಿಜಕ್ಕೂ ರೋಮಾಂಚನವಾಯಿತು. ಎಲ್ಲಕ್ಕಿಂತ ಮೇಲೆ "ಅಂತ". ಅದರ ಹಿಂದೆ "ಅದು", "ಇಲ್ಲ", "ಅಲ್ವಾ", "ಬಿಡಿ", "ಎಷ್ಟು". ನಮ್ಮ ಪಾಠಪುಸ್ತಕಗಳೆಲ್ಲ "ನಾನು"ವಿನಿಂದ ಶುರುವಾಗುತ್ತವೆ. ನನ್ನ ಪಟ್ಟಿಯಲ್ಲಿ "ನಾನು" ಎಷ್ಟೋ ಕೆಳಗಿತ್ತು. "ಬರ್ತೀನಿ" ಅಂದರೆ ಸಾಕು, ಯಾರು ಬರುತ್ತಾರೆ ಅಂತ ಕ್ರಿಯಾಪದವೇ ಹೇಳುತ್ತದಲ್ಲ. ಆದರೆ "ನಂಗೆ" ಮಾತ್ರ ಮೇಲೇ ಇತ್ತು. ನಂಗೆ ಬೇಕು, ನಂಗೆ ಗೊತ್ತು, ನಂಗೆ ಇಷ್ಟ. ಹಿಂದಿಯವರಿಗೆ ಇದು ಮೊದಲ ದಿನವೇ ಬರುತ್ತದೆ, ಅವರ ಭಾಷೆಯಲ್ಲೂ ಹೀಗೇ ಇದೆ. ಅದಕ್ಕೇ ನನ್ನ ಮೊದಲ ಪಾಠ "ನಂಗೆ" ಪಾಠ.

ಹೀಗೆ 400 ಪದರೂಪ (ಜನ ಆಡುವ ಹಾಗೇ ಬರೆದ ಪದ), 40 ಪಾಠ ಮಾಡಿಕೊಂಡೆ. ಮೊದಲ 25 ಪಾಠದಲ್ಲಿ ಅಕ್ಷರವೇ ಇಲ್ಲ. ಬರೀ ಕಿವಿ, ಬಾಯಿ. ಪ್ರತಿ ಪಾಠದಲ್ಲೂ ನಿಜವಾದ ಹೂವಿನಮ್ಮನ ದನಿ, ನಿಜವಾದ ಆಟೊದವರ ದನಿ. ಅಕ್ಷರ ಬರುವುದು 26ನೇ ಪಾಠಕ್ಕೆ. ಅದೂ ಬಸ್ ಬೋರ್ಡುಗಳಿಂದ, ಕಾಗುಣಿತದಿಂದ ಅಲ್ಲ. ಅಷ್ಟು ಹೊತ್ತಿಗೆ ಪದ ಬಾಯಲ್ಲಿ ಇರುವುದರಿಂದ ಅಕ್ಷರ ಎರಡೇ ವಾರದಲ್ಲಿ ಕೂರುತ್ತದೆ.

ಕಲಿಯುವವರ ಮನೆಮಾತು ನೋಡಿ ಅಭ್ಯಾಸ ಬದಲಾಯಿಸುತ್ತೇನೆ. ಹಿಂದಿ, ಬಂಗಾಳಿಯವರಿಗೆ ಎ, ಏ ವ್ಯತ್ಯಾಸ ಕಿವಿಗೆ ಬೀಳುವುದಿಲ್ಲ. ಒ, ಓ ಕೂಡ ಅಷ್ಟೇ. "ಕೊಡಿ" ಅನ್ನಲು ಹೋಗಿ "ಕೋಡಿ" ಅನ್ನುತ್ತಾರೆ. ಇದಕ್ಕೆ ದಿನಾ ಐದು ನಿಮಿಷ ಜೋಡಿಪದ ಕೇಳಿಸಬೇಕು. ಮರಾಠಿ, ಒಡಿಯಾ, ಮಲಯಾಳಿಯವರಿಗೆ ಳಕಾರದ ತೊಂದರೆಯೇ ಇಲ್ಲ. ಬಂಗಾಳಿಯವರಿಗೆ ಅದು ದೊಡ್ಡ ಬೆಟ್ಟ. ತೆಲುಗಿನವರು ಬೇಗ ಕಲಿಯುತ್ತಾರೆ, ಬೇಗ ಕಲಬೆರಕೆಯನ್ನೂ ಮಾಡುತ್ತಾರೆ. ಅವರನ್ನು ಬೇರೆ ಬ್ಯಾಚಿಗೆ ಹಾಕುತ್ತೇನೆ. ಮೊದಲ ದಿನ ಹೇಳಿಸುವ ಎಂಟು ವಾಕ್ಯ ಯಾವುವು, ಎರಡನೇ ವಾರ ಅವರನ್ನು ಯಾವ ಕೆಲಸಕ್ಕೆ ಬೀದಿಗೆ ಕಳಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಆದರೆ ಒಂಬತ್ತು ಗಂಟೆ ನೀವೇ ಕೂತು ಬರೆದಿಳಿಸಿದರೆ ಆ ಎಂಟು ವಾಕ್ಯ ನಿಮಗೂ ಸಿಗುತ್ತವೆ, ಖಂಡಿತ.

ಇನ್ನು ದುಡ್ಡಿನ ವಿಷಯ. ಮೊದಲ ವರ್ಷ ಒಂದು ಆನ್‌ಲೈನ್ ಕಲಿಕಾ ತಾಣ ಸೇರಿದ್ದೆ. ಪ್ರತಿ ಹೊಸ ವಿದ್ಯಾರ್ಥಿಯ ಮೊದಲ ತರಗತಿಯ ಹಣ ಪೂರ್ತಿ ಅವರಿಗೆ, ಆಮೇಲೆ ಸುಮಾರು ಮೂರನೇ ಒಂದು ಪಾಲು. ಎಂಟು ತಿಂಗಳು ದುಡಿದು ಬಿಟ್ಟೆ. ಆದರೆ ಅಲ್ಲಿಂದ ಸಿಕ್ಕ ಮೂವರು, ಡಲ್ಲಾಸ್, ಪುಣೆ, ಸಿಂಗಪುರದವರು, ಬಾಯಿಂದ ಬಾಯಿಗೆ ಹೇಳಿ ಮುಂದೆ ಹನ್ನೊಂದು ಜನರನ್ನು ತಂದುಕೊಟ್ಟರು. ಈಗ ಬ್ಯಾಚಿನಲ್ಲಿ ತಲೆಗೆ 4,500 ರೂಪಾಯಿ, 40 ಪಾಠಕ್ಕೆ. ಕಂಪನಿಗಳಿಗೆ ಗಂಟೆಗೆ 1,800. ಅರ್ಧ ಮುಂಗಡ ಬರದೆ ಶುರು ಮಾಡುವುದಿಲ್ಲ. ಖರ್ಚು ಕಳೆದು ತಿಂಗಳಿಗೆ 45ರಿಂದ 50 ಸಾವಿರ ಉಳಿಯುತ್ತದೆ. ಅಮ್ಮನ 21 ಸಾವಿರ 2022ರಲ್ಲಿ ತೀರಿಸಿದೆ. ಕಾಲೇಜು ಬಿಟ್ಟಿದ್ದೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಮಾತನ್ನು ತಾನೇ ಬರಹಕ್ಕಿಳಿಸುವ ತಂತ್ರಾಂಶಕ್ಕೆ ನನ್ನ ಮಾರ್ಕೆಟ್ ದನಿ ಕೊಟ್ಟು ನೋಡಿದೆ. ಹೂವಿನಮ್ಮ "ತಗೊಂಡೋಗಿ" ಅಂದರೆ ಅದು "ತೆಗೆದುಕೊಂಡು ಹೋಗಿ" ಅಂತ ಬರೆಯಿತು. ಅರ್ಥ ಸರಿ, ಆದರೆ ನನಗೆ ಬೇಕಾದ್ದು ಅದಲ್ಲ. ಮತ್ತೆ ಕೈಯಲ್ಲೇ ಬರೆದೆ. ಇನ್ನೊಂದು, ತುಮಕೂರು ಕಡೆಯ ನಮ್ಮೂರ ಸಂತೆಯಲ್ಲಿ ಎರಡು ಗಂಟೆ ಮುದ್ರಿಸಿಕೊಂಡೆ. "ಬತ್ತೀನಿ", "ಐತೆ", "ಓಗ್ಲಿ ಬುಡು". ಪಾಠಕ್ಕೆ ಉಪಯೋಗವಾಗಲಿಲ್ಲ, ಆದರೆ ಅದರಿಂದಲೇ ಒಂದು ಲೇಖನ ಬರೆದು ಒಂದು ವಿಚಾರ ಸಂಕಿರಣದಲ್ಲಿ ಓದಿದೆ. ಅಲ್ಲಿ ಕೇಳಿದವರೊಬ್ಬರು ದನಿ ಸಂಗ್ರಹದ ಯೋಜನೆಯೊಂದಕ್ಕೆ ಬರಹ ತಿದ್ದುವ ಕೆಲಸ ಕೊಡಿಸಿದರು. ಮೂರು ತಿಂಗಳಿಗೆ 60 ಸಾವಿರ ಬಂತು. ಸಂತೆಗೆ ಹೋಗಿ ಬರಲು ಆದ ಖರ್ಚು 340 ರೂಪಾಯಿ!

ಕಂಪ್ಯೂಟರಿಗೆ ಮಾತು ಕಲಿಸಲು ಮಾಡುವ ಈ ದನಿ ಸಂಗ್ರಹದ ಕೆಲಸ ಈಗ ಜಾಸ್ತಿ ಇದೆ. ನಮ್ಮ ಎಂ.ಎ. ಮಾಡಿದವರು ಈ ಕಡೆ ನೋಡುತ್ತಲೇ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಜೊತೆ ಸೇರಿ ನಡೆಸುವ ವಾಣಿ ಯೋಜನೆ ಜಿಲ್ಲೆ ಜಿಲ್ಲೆಯ ಮಾತು ಸಂಗ್ರಹಿಸುತ್ತದೆ. ಆ ದನಿ ಮುಕ್ತವಾಗಿ ಸಿಗುತ್ತದೆ, ನಿಮ್ಮ ಜಿಲ್ಲೆಯದ್ದು ಇದೆಯಾ ನೋಡಿ. ಭಾರತೀಯ ಭಾಷೆಗಳಿಗೆ ತಂತ್ರಾಂಶ ಕಟ್ಟುವ ಮದ್ರಾಸ್ ಐಐಟಿಯ ಎಐ4ಭಾರತ್, ಕೇಂದ್ರ ಸರ್ಕಾರದ ಭಾಷಿಣಿ ಇವುಗಳಿಗೂ ಕನ್ನಡ ಬಲ್ಲವರು ಬೇಕು. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ. ಅದರ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯದ ಶಿಕ್ಷಕರಿಗೆ ಹತ್ತು ತಿಂಗಳು ಕನ್ನಡ ಕಲಿಸುತ್ತಾರೆ. ಎರಡನೇ ಭಾಷೆಯಾಗಿ ಕನ್ನಡ ಕಲಿಸುವುದು ಹೇಗೆ ಅಂತ ನೋಡಬೇಕಾದವರು ಅಲ್ಲಿಗೆ ಹೋಗಿ ಕೂತು ಮಾತಾಡಿ ಬನ್ನಿ. ಅದೇ ಊರಿನಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಕೂಡ ಕನ್ನಡ ಕಲಿಸುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಸಿಬಿಎಸ್‌ಇ ಶಾಲೆಗಳಲ್ಲೂ ಕನ್ನಡ ಶಿಕ್ಷಕರು ಬೇಕೇ ಬೇಕು.

ನಿಘಂಟಿಗೆ ನಾನು ನೆಚ್ಚಿಕೊಂಡದ್ದು ಅಲರ್. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಮಾಡಿದ ಕೆಲಸ. ಒಂದೂವರೆ ಲಕ್ಷ ಪದ, ಇಂಗ್ಲಿಷ್ ಅರ್ಥಗಳೊಂದಿಗೆ. 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಬಂತು, ಪೂರ್ತಿ ಇಳಿಸಿಕೊಳ್ಳಬಹುದು. ನನ್ನ 400 ಪದರೂಪಗಳ ಜೊತೆ ಹೊಂದಿಸಿ ನೋಡಿದಾಗ ಅರ್ಧದಷ್ಟು ನೇರವಾಗಿ ಸಿಗಲಿಲ್ಲ, "ತಗೊಂಡೋಗಿ" ನಿಘಂಟಿನಲ್ಲಿ ಇರುವುದಿಲ್ಲವಲ್ಲ. ಮೂಲರೂಪಕ್ಕೆ ತಿರುಗಿಸಿದ ಮೇಲೆ ಹೆಚ್ಚುಕಡಿಮೆ ಎಲ್ಲ ಸಿಕ್ಕವು. ಕಿಟ್ಟೆಲರ 1894ರ ನಿಘಂಟು ಹಳ್ಳಿ ಪದಗಳಿಗೆ ಇವತ್ತಿಗೂ ಬೇಕು.

ಅನುದಾನದ ಬಗ್ಗೆ ಒಂದು ಮಾತು. ಬರ್ಲಿನ್‌ನಿಂದ ನಡೆಯುವ ಇಎಲ್‌ಡಿಪಿ ಅನ್ನುವ ಯೋಜನೆ ಅಳಿವಿನಂಚಿನ ಭಾಷೆಗಳ ದಾಖಲಾತಿಗೆ ಹಣ ಕೊಡುತ್ತಾ ಬಂದಿದೆ. ಕನ್ನಡಕ್ಕೆ ಅದು ಸಿಗುವುದಿಲ್ಲ. ಆದರೆ ಸೋಲಿಗ, ಜೇನುಕುರುಬ, ಕೊರಗ ಭಾಷೆಗಳ ನಡುವೆ ಓಡಾಡುವ ಗೆಳೆಯರು ಅರ್ಜಿ ಹಾಕಲೇಬೇಕು. ಅಲ್ಲಿ ಕೇಳುವುದು ಒಳ್ಳೆಯ ದನಿ, ಒಪ್ಪಿಗೆ, ಈಲಾನ್ ಕಡತ. ಮೂರೂ ನಾವು ಕಲಿತದ್ದೇ.

ಈಗ ಹುಬ್ಬಳ್ಳಿ ಮಾತಿನ ಪಾಠ ಶುರು ಮಾಡಿದ್ದೇನೆ. ಅಲ್ಲಿನ ಕಂಪನಿಯೊಂದರವರು "ನಮ್ಮ ಹುಡುಗರು ಬೆಂಗಳೂರು ಕನ್ನಡ ಕಲಿತು ಬಂದು ಇಲ್ಲಿ ತಬ್ಬಿಬ್ಬಾಗ್ಯಾರ್ರೀ" ಅಂತ ಫೋನ್ ಮಾಡಿದ್ದರು. ಅಲ್ಲಿನ ದುರ್ಗದ ಬೈಲು ಮಾರ್ಕೆಟ್ಟಿನಲ್ಲಿ ಎರಡು ಗಂಟೆ ದನಿ ಮುದ್ರಣ ಆಗಿದೆ. ಇನ್ನೂ ಆರು ಗಂಟೆಯಾದರೂ ಬೇಕು. ಧಾರವಾಡ ಸೀಮೆಯ ಮಾತನ್ನು ಈಲಾನ್‌ನಲ್ಲಿ ಬರೆದಿಳಿಸುವವರು ಯಾರಾದರೂ ಇದ್ದರೆ ಹೇಳಿ. ಗಂಟೆಗೆ 200 ಕೊಡುತ್ತೇನೆ, ಬರೆದಿಳಿಸುವ ಗಂಟೆಗೆ, ದನಿಯ ಗಂಟೆಗಲ್ಲ.