ಚುಕ್ಕಿಯ ಹಲ್ಲು, ಚುಕ್ಕಿಯ ಸಿಟ್ಟು: ನನ್ನ ಅನುಭವ

ನಾಲ್ಕು ತಿಂಗಳು ತುಂಬುವ ಹೊತ್ತಿಗೆ ನಮ್ಮ ಚುಕ್ಕಿ ಬೇರೆಯೇ ನಾಯಿಯಾದಳು. ಅದುವರೆಗೆ ಮಡಿಲಲ್ಲೇ ಮಲಗುತ್ತಿದ್ದವಳು, ತಲೆ ಸವರಲು ಹೋದರೆ ಮುಖ ತಿರುಗಿಸಿ ಗುರ್ ಅನ್ನತೊಡಗಿದಳು. ಬೆಳಿಗ್ಗೆಯೆಲ್ಲ ಮಂಕು. ಸಂಜೆ ಏಳಾದರೆ ಹುಚ್ಚು ಹಿಡಿದಂತೆ ಓಡಿಬಂದು ಹಿಮ್ಮಡಿ, ಕೈ, ಪ್ಯಾಂಟಿನ ಅಂಚು ಹೀಗೆ ಸಿಕ್ಕಿದ್ದನ್ನು ಕಚ್ಚುತ್ತಿದ್ದಳು. ಮನೆಯವರು ‘ಇದರ ಗುಣವೇ ಸರಿಯಿಲ್ಲ’ ಅಂದರು. ನಾಯಿ ಸಾಕಿ ಪಳಗಿದ ಗೆಳೆಯನೊಬ್ಬ ‘ಮೂತಿಗೆ ಎರಡು ಕೊಡು, ಸುಮ್ನಾಗ್ತಾಳೆ’ ಅಂದ. ಇದು ಹಲ್ಲಿನ ನೋವು, ಜೊತೆಗೆ ನಿದ್ದೆ ಸಾಲದ್ದು, ಹೊಡೆಯದೆ ಸರಿ ಮಾಡ್ತೀನಿ ಅಂತ ನಾನು ಹೇಳಿದರೆ ಯಾರೂ ನಂಬಲಿಲ್ಲ. ಈಗ ಅವಳಿಗೆ ಎಂಟು ತಿಂಗಳು. ಕಳೆದ ವಾರ ಅದೇ ಗೆಳೆಯ ಬಂದು, ತನ್ನ ಹೊಸ ಮರಿಗೆ ಬೇಕು ಅಂತ ನನ್ನ ನೋಟ್‌ಬುಕ್ ತೆಗೆದುಕೊಂಡು ಹೋದ.

ಈ ವಯಸ್ಸಲ್ಲಿ ನಾಯಿಮರಿಯ 28 ಹಾಲುಹಲ್ಲು ಬಿದ್ದು 42 ಕಾಯಂ ಹಲ್ಲು ಬರುತ್ತವೆ, ನಾನು ಹೇಳಿದ್ದು ಆ ನೋವನ್ನೇ. ಮೊದಲು ದುಡ್ಡು ಹೋದದ್ದನ್ನು ಹೇಳುತ್ತೇನೆ. ಆ ತಿಂಗಳು ಹತ್ತೋ ಹನ್ನೆರಡೋ ಕಚ್ಚುವ ಆಟಿಕೆ ತಂದೆ. ಸಂಬಳದಲ್ಲಿ ಕಾಲು ಭಾಗ ಅದಕ್ಕೇ ಹೋಯಿತು. ಅವಳು ಮುಟ್ಟಿದ್ದು ಎರಡೇ, ಎರಡೂ ಮೆತ್ತಗಿನ ರಬ್ಬರಿನವು. ಗಟ್ಟಿ ಮೂಳೆಯನ್ನು ಮಾರನೇ ದಿನವೇ ಎತ್ತಿಟ್ಟೆ. ಉಗುರು ಒತ್ತಿದರೆ ಗುರುತು ಬೀಳದಂಥ ವಸ್ತು ಹಲ್ಲನ್ನೇ ಒಡೆದುಬಿಡಬಹುದು. ಕಹಿ ಸ್ಪ್ರೇ ಹೊಡೆದ ಕುರ್ಚಿಕಾಲನ್ನು ನೆಕ್ಕಿ, ಆಮೇಲೆ ಕಡಿದಳು. ಎರಡು ಚಾರ್ಜರ್ ವೈರ್ ಹೋದವು. ಪುಣ್ಯಕ್ಕೆ ಆಗ ಕರೆಂಟ್ ಇರಲಿಲ್ಲ. ಕಚ್ಚಿದಾಗ ‘ಅಯ್ಯೋ’ ಅಂತ ಕಿರುಚಿ ನೋಡಿದೆ. ಅವಳಿಗೆ ಇನ್ನೂ ಹುರುಪು ಬಂತು.

ಇದೆಲ್ಲಕ್ಕಿಂತ ದೊಡ್ಡ ತಪ್ಪು, ದಣಿಸಿದರೆ ಮಲಗುತ್ತಾಳೆ ಅಂತ ಸಂಜೆ ಎರಡು ಗಂಟೆ ಜಾಸ್ತಿ ಆಡಿಸಿದ್ದು. ಕಚ್ಚುವುದು ದುಪ್ಪಟ್ಟಾಯಿತು. ಒಂದು ವಾರ ಹಾಗೇ ಮಾಡಿದೆ. ನನ್ನ ಮುಂಗೈ ತುಂಬ ಗೀರು.

ಆಗ ಶುರು ಮಾಡಿದ್ದೇ ನೋಟ್‌ಬುಕ್. ಎಷ್ಟು ಹೊತ್ತು ಮಲಗಿದಳು, ಎಷ್ಟು ತಿಂದಳು, ಎಷ್ಟು ಸಲ ಕಚ್ಚಿದಳು, ವಸಡು ಹೇಗಿದೆ, ಇಷ್ಟೇ. ಹತ್ತು ದಿನಕ್ಕೇ ಗುಟ್ಟು ಹೊರಬಿತ್ತು. ಹನ್ನೆರಡು ಹದಿಮೂರು ಗಂಟೆ ಮಾತ್ರ ಮಲಗಿದ ದಿನ ಇಪ್ಪತ್ತಕ್ಕೂ ಹೆಚ್ಚು ಸಲ ಕಚ್ಚಿದ್ದಾಳೆ. ಹದಿನೇಳು ಹದಿನೆಂಟು ಗಂಟೆ ಮಲಗಿದ ದಿನ ನಾಲ್ಕೈದು ಸಲ. ಆಟಿಕೆಯ ಮೇಲೆ ರಕ್ತದ ಚುಕ್ಕೆ ಕಂಡ ದಿನಗಳಲ್ಲಿ ಅರ್ಧ ಊಟ ಬಟ್ಟಲಲ್ಲೇ ಉಳಿದಿತ್ತು. ಗುರ್ ಅಂದದ್ದೂ ಆ ದಿನಗಳಲ್ಲೇ ಜಾಸ್ತಿ.

ಹಾಗಾಗಿ ಒಂದು ಗಂಟೆ ಎಚ್ಚರ, ಎರಡು ಗಂಟೆ ನಿದ್ದೆ ಅಂತ ದಿನವನ್ನು ಭಾಗ ಮಾಡಿದೆ. ಅವಳು ಮಲಗುವ ಕ್ರೇಟ್ (ಪಂಜರದಂಥ ಗೂಡು) ಮೇಲೆ ಗಾಳಿಯಾಡುವಂತೆ ತೆಳು ಬೆಡ್‌ಶೀಟ್ ಹೊದಿಸಿದೆ. ಮೊದಲ ಮೂರು ದಿನ ಕಾಲು ಗಂಟೆ ಅತ್ತಳು. ಮಾತಾಡದೆ ಪಕ್ಕದಲ್ಲೇ ಕೂತೆ. ನಾಲ್ಕನೇ ದಿನ ತಾನೇ ಹೋಗಿ ಮಲಗಿದಳು. ಒಣ ಆಹಾರವನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿಯೇ ಕೊಟ್ಟೆ. ಹಗ್ಗ ಎಳೆಯುವ ಆಟ ಆರು ವಾರ ಪೂರ್ತಿ ಬಂದ್.

ಸಂಜೆ ಏಳಕ್ಕೆ ಹುಚ್ಚಾಟ ಅಲ್ವಾ, ನಾನು ಆರೂವರೆಗೇ ತಣ್ಣನೆ ಬಟ್ಟೆ ಕೊಡುತ್ತಿದ್ದೆ. ಹಳೇ ದಪ್ಪ ಟವೆಲ್‌ನ ಪಟ್ಟಿ ನೆನೆಸಿ, ಹಿಂಡಿ, ಹೊಸೆದು ಫ್ರೀಜರ್‌ನಲ್ಲಿಟ್ಟದ್ದು. ಕಲ್ಲಿನಂತಾಗಬಾರದು. ನಾನು ಹಾಕುವ ಗಂಟಿನಿಂದ ಅದು ನೇರ ಹಿಂದಿನ ವಸಡಿಗೇ ತಾಗುತ್ತದೆ. ಆ ಗಂಟಿನ ವಿದ್ಯೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಂದು ತುದಿ ಯಾವಾಗಲೂ ನನ್ನ ಕೈಯಲ್ಲಿ, ಮೆತ್ತಗಾದ ತಕ್ಷಣ ವಾಪಸ್.

ತಣ್ಣಗಿರುವುದರಿಂದಲೇ ಕೆಲಸ ಆಗುತ್ತಿದೆಯಾ ಅಂತ ಅನುಮಾನ ಬಂತು. ಮೂರು ದಿನ ತಣ್ಣನೆ ಬಟ್ಟೆ, ಮೂರು ದಿನ ಬರೀ ಒದ್ದೆ ಬಟ್ಟೆ ಕೊಟ್ಟೆ. ತಣ್ಣನೆಯದರಲ್ಲಿ ಸುಮಾರು ಇಪ್ಪತ್ತು ನಿಮಿಷ ಶಾಂತಿ, ಇನ್ನೊಂದರಲ್ಲಿ ಆರೇಳು. ಉಪ್ಪು, ಈರುಳ್ಳಿ ಹಾಕದ ಕೋಳಿ ಬೇಯಿಸಿದ ನೀರಲ್ಲೂ ಅದ್ದಿ ನೋಡಿದೆ. ರುಚಿಗೆ ಬಟ್ಟೆಯನ್ನೇ ನುಂಗಲು ನೋಡಿದಳು, ಮಾರನೇ ದಿನ ಕಕ್ಕದಲ್ಲಿ ದಾರ ಬಂತು. ದಯವಿಟ್ಟು ಅದನ್ನು ಮಾಡಬೇಡಿ. ತಣ್ಣಗಿನ ಕ್ಯಾರೆಟ್ ಚೆನ್ನಾಗಿತ್ತು, ಆದರೆ ದೊಡ್ಡದು, ಇಡಿಯಾಗಿ, ನಾವು ಹತ್ತಿರ ಕೂತಿದ್ದಾಗ ಮಾತ್ರ.

ನಮ್ಮ ನೋವಿನ ಮಾತ್ರೆ ಚೂರು ಕೊಡು ಅಂತ ಒಬ್ಬರು ಹೇಳಿದ್ದರು. ಪ್ಯಾರಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷವಾಗಬಹುದು. ವಸಡಿಗೆ ಹಚ್ಚುವ ನಮ್ಮ ಜೆಲ್ ಕೂಡ ಬೇಡ. ದಿನವಿಡೀ ಊಟ ಬಿಟ್ಟರೆ, ಜ್ವರ, ವಾಂತಿ ಬಂದರೆ ಹಲ್ಲಿನ ಮೇಲೆ ಹಾಕದೆ ಡಾಕ್ಟರ ಹತ್ತಿರ ಓಡಬೇಕು.

ಐದೂವರೆ ತಿಂಗಳಲ್ಲಿ ಮತ್ತೆ ಕೆಟ್ಟಿತು. ಹಿಂದಿನ ದವಡೆಹಲ್ಲು ಬರುತ್ತಿದ್ದವು, ಮನೆಗೆ ಎರಡು ದಿನ ನೆಂಟರೂ ಬಂದಿದ್ದರು, ನಿದ್ದೆ ಹಾಳು. ಕಚ್ಚಿದ ಲೆಕ್ಕ ಹದಿನೈದಕ್ಕೆ ಹೋಯಿತು. ‘ನಾವು ಹೇಳಿರಲಿಲ್ವಾ’ ಅಂತ ಮಾತು ಬಂತು. ಮತ್ತೆ ಹಳೇ ವೇಳೆಗೆ ತಂದೆ, ಮೂರನೇ ದಿನ ಐದಕ್ಕಿಳಿಯಿತು.

ದಿನಕ್ಕೊಂದು ಸಲ ಗಲ್ಲದ ಕೆಳಗೆ ಕೈಯಿಟ್ಟು, ತುಟಿ ಎತ್ತಿ ನೋಡಿ, ತಿಂಡಿ ಕೊಡುವ ಅಭ್ಯಾಸ ಮಾಡಿಸಿದ್ದೆ. ಅದರಿಂದಲೇ ಮೇಲಿನ ಹಾಲುಕೋರೆ ಬೀಳದೆ, ಪಕ್ಕದಲ್ಲೇ ಹೊಸ ಕೋರೆ ಬಂದದ್ದು ಕಣ್ಣಿಗೆ ಬಿತ್ತು. ಸಂತಾನಹರಣ ಆಪರೇಷನ್‌ಗೆ ಹೋದಾಗ ಅದೇ ಅರಿವಳಿಕೆಯಲ್ಲಿ ಅದನ್ನೂ ಕೀಳಿಸಿದೆ. ಇನ್ನೊಂದು ಅರಿವಳಿಕೆಯ ಖರ್ಚು ಉಳಿಯಿತು.

ನಿನ್ನೆ ರಾತ್ರಿ ಗೆಳೆಯ ಫೋನ್ ಮಾಡಿದ್ದ. ಮರಿ ಕ್ರೇಟ್‌ನಲ್ಲಿ ಅಳುತ್ತಿದೆ, ಎರಡನೇ ದಿನವಂತೆ. ಮಾತಾಡದೆ ಪಕ್ಕದಲ್ಲೇ ಕೂತಿರು ಅಂದೆ.