ಪಯಸ್ವಿನಿಯ ಅಗಲ ಅಳೆದ ಮೂರು ಬೇಸಿಗೆ

ಒಂದೊಂದು ಚುಕ್ಕಿ (ಪಿಕ್ಸೆಲ್) ಹತ್ತು ಮೀಟರ್ ನೆಲವನ್ನು ತೋರಿಸುವ ಉಪಗ್ರಹ ಚಿತ್ರ ಇಟ್ಟುಕೊಂಡು ಕಾಸರಗೋಡಿನ ಪಯಸ್ವಿನಿಯಂಥ ಐವತ್ತು-ಅರುವತ್ತು ಮೀಟರಿನ ಹೊಳೆಯ ಅಗಲ ಅಳೆಯುವುದು ಆಗದ ಮಾತು ಎಂದು ಸರ್ವೆಯಲ್ಲಿ ನನಗಿಂತ ಪಳಗಿದ ಇಬ್ಬರು ಹೇಳಿದ್ದರು. ಕಳೆದ ಏಪ್ರಿಲ್‌ನಲ್ಲಿ ಅವರಲ್ಲೊಬ್ಬರೇ ಟೇಪಿನ ಇನ್ನೊಂದು ತುದಿ ಹಿಡಿದು ಅಡೂರಿನ ಕೆಳಗೆ ಹೊಳೆಗಿಳಿದರು. ಹದಿನಾಲ್ಕು ಕಡೆ ಅಳೆದೆವು. ಹನ್ನೊಂದರಲ್ಲಿ ನನ್ನ ಲೆಕ್ಕಕ್ಕೂ ಟೇಪಿಗೂ ಏಳೆಂಟು ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಅವರು ಬೇರೇನೂ ಹೇಳದೆ ಇನ್ನೊಂದು ಕಡೆ ಅಳೆಯೋಣ ಎಂದರು. ನನಗೆ ಅಷ್ಟು ಸಾಕಾಗಿತ್ತು.

ನಾನು ಹುಡುಕುತ್ತಿದ್ದದ್ದು ಈಚೆ ತೋಟದ ಅಂಚಿನಿಂದ ಆಚೆ ತೋಟದ ಅಂಚಿನವರೆಗೆ ಹೊಳೆಗೆ ಉಳಿದಿರುವ ಜಾಗ: ನೀರು, ಮರಳ ದಿಬ್ಬ, ಬಿದಿರ ಮೆಳೆ, ಕೇದಗೆ ಎಲ್ಲ ಸೇರಿ. ಮೊದಲ ಬೇಸಿಗೆಯಲ್ಲಿ ಬರೀ ನೀರನ್ನು ಅಳೆಯುತ್ತಾ ಕುಳಿತೆ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಗೆ ನೀರಿನ ಸೂಚ್ಯಂಕ (ನೀರನ್ನು ನೆಲದಿಂದ ಬೇರ್ಪಡಿಸಿ ತೋರಿಸುವ ಲೆಕ್ಕ) ಹಾಕಿದರೆ ಕೆಲವು ಕಡೆ ಹೊಳೆ ಡಿಸೆಂಬರಿಗಿಂತ ಫೆಬ್ರವರಿಯಲ್ಲಿ ಅಗಲವಾಗಿತ್ತು! ಮಳೆಯಿಲ್ಲದೆ ಹೊಳೆ ಹಿಗ್ಗುವುದೆಲ್ಲಿಂದ ಎಂದು ತಿಂಗಳುಗಟ್ಟಲೆ ಸೂಚ್ಯಂಕದ ಮಿತಿಯನ್ನೇ ತಿದ್ದಿದೆ. ಕೊನೆಗೆ ಸ್ಕೂಟರಿನಲ್ಲಿ ಹೋಗಿ ನೋಡಿದರೆ ಅಲ್ಲಿ ಕಟ್ಟ, ಅಂದರೆ ಬೇಸಿಗೆಗೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಹಾಕಿದ್ದರು. ಕಟ್ಟದ ಹಿಂದೆ ನೀರು ದಂಡೆಯವರೆಗೂ ನಿಂತಿತ್ತು. ಅಂದಿನಿಂದ ನೀರಿನ ಗೆರೆಗೆ ನವೆಂಬರ್ ಕೊನೆಯಿಂದ ಕಟ್ಟ ಏಳುವವರೆಗಿನ ಚಿತ್ರಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಮೂರು ನಾಲ್ಕು ವರ್ಷದವು ಸೇರಿ ಇಪ್ಪತ್ತರ ಆಸುಪಾಸು ಚಿತ್ರಗಳು, ಅವುಗಳ ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ).

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಪೂರ್ತಿ ಉದ್ದಕ್ಕೆ ಡ್ರೋನಿನವರು ಅರುವತ್ತು ಸಾವಿರದಷ್ಟು ಕೇಳಿದರು. ಒಂದು ತುಂಡು ನೋಡೋಣವೆಂದು ಎಂಟು ಸಾವಿರ ಕೊಟ್ಟೆ. ಬಿದಿರು ಬಾಗಿದ ಕಡೆಯೆಲ್ಲ ದಂಡೆಯೇ ಕಾಣಲಿಲ್ಲ, ಹಣ ಹೊಳೆಗೆ ಹೋಯಿತು. ಹಳೆಯ ಲ್ಯಾಪ್‌ಟಾಪಿಗೆ ಮೆಮೊರಿ ಹಾಕಿಸಲು ಎರಡೂವರೆ ಸಾವಿರ, ಪೆಟ್ರೋಲು, ದೋಣಿ, ಊಟಕ್ಕೆ ಇನ್ನೊಂದು ಮೂರೂವರೆ. ತಂತ್ರಾಂಶಕ್ಕೂ ಚಿತ್ರಗಳಿಗೂ ಒಂದು ಪೈಸೆ ಕೊಟ್ಟಿಲ್ಲ.

ಎರಡನೆಯ ಬೇಸಿಗೆಯನ್ನು ಅಡ್ಡಗೆರೆಗಳು, ಅಂದರೆ ಅಗಲ ಅಳೆಯಲು ಹೊಳೆಗೆ ಅಡ್ಡಲಾಗಿ ಎಳೆಯುವ ಗೆರೆಗಳು, ತಿಂದವು. ನಕ್ಷೆಯ ಪದರವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ 43 ಎಂಬ ಪದ್ಧತಿಗೆ ಬದಲಿಸದೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಗೆರೆಯ ಉದ್ದ 100 ಎಂದು ಕೊಟ್ಟೆ. ಅದು ನೂರು ಡಿಗ್ರಿ ಎಂದುಕೊಂಡು ಭೂಪಟವನ್ನೇ ಗೀಚಿತು. ಅದನ್ನು ಸರಿಪಡಿಸಿದ ಮೇಲೆ ತಿರುವುಗಳ ಕಾಟ: ಹೊಳೆ ಬಳುಕಿದಲ್ಲಿ ಗೆರೆಗಳು ಒಂದನ್ನೊಂದು ಕತ್ತರಿಸಿ ಅಗಲ ದುಪ್ಪಟ್ಟು ಬರುತ್ತಿತ್ತು. ನೀರಿನ ನಡುಗೆರೆಯನ್ನು ಬಿಟ್ಟು, ಎರಡು ತೋಟದ ಅಂಚುಗಳ ನಡುವೆ ಬೇರೆಯೇ ಗೆರೆ ಎಳೆದು, ಅದನ್ನು ನಯಗೊಳಿಸಿ, ಆಮೇಲೆ 50 ಮೀಟರಿಗೊಂದು ಬಿಂದು ಸೇರಿಸಿದೆ. ಈ ತಂತ್ರಾಂಶದಲ್ಲಿ ಬಿಂದು ಇದ್ದಲ್ಲೇ ಅಡ್ಡಗೆರೆ ಬೀಳುತ್ತದೆ. ಎಷ್ಟು ನಯಗೊಳಿಸಿದೆ ಎಂಬ ಅಂಕಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ನಲವತ್ತು ರಾತ್ರಿಗಳು ಬೇಕಾದವು.

ತೋಟದ ಅಂಚನ್ನು ಯಂತ್ರಕ್ಕೆ ಬಿಡಲಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಸ್ಪ್ರಿಂಕ್ಲರ್ ನೀರುಂಡ ಅಡಿಕೆ ಹಸಿರಾಗಿಯೇ ಇರುತ್ತದೆ, ದಿಬ್ಬದ ಹುಲ್ಲು ಒಣಗುತ್ತದೆ. ಆದರೆ ಬಿದಿರೂ ಮರಗಳೂ ಮೋಸ ಮಾಡುತ್ತವೆ. ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಭೂಪಟದಲ್ಲಿ ಗೆರೆ ಎಳೆಯಲು ಅನುಮತಿಯಿರುವ ಸ್ಪಷ್ಟ ಉಪಗ್ರಹ ಚಿತ್ರದಲ್ಲಿ 2.7 ಮೀಟರಿಗೊಂದರಂತೆ ಸಾಲು ಹಿಡಿದ ಸಸಿಗಳು ಎಲ್ಲಿ ನಿಲ್ಲುತ್ತವೆಯೋ ಅಲ್ಲಿ ಕೈಯಿಂದಲೇ ಗೆರೆ ಎಳೆದೆ. ಅಡೂರಿನಿಂದ ಬಾವಿಕ್ಕೆರೆಯವರೆಗೆ ಆರುನೂರರ ಹತ್ತಿರ ಅಡ್ಡಗೆರೆಗಳಾದವು.

ನಡುವೆ ಮಳೆಗಾಲದ ಹೊಳೆಯನ್ನೂ ನೋಡುವ ಆಸೆಯಾಯಿತು. ಮೋಡ ದಾಟುವ ಸೆಂಟಿನೆಲ್-1ರ ರಾಡಾರ್ ಚಿತ್ರ ತೆಗೆದೆ. ಬಯಲಿನ ಗದ್ದೆಯಲ್ಲಿ ನಿಂತ ನೀರು ಕಪ್ಪಾಗಿ ಚೆನ್ನಾಗಿ ಕಂಡಿತು. ಅಡಿಕೆ ತೋಟದೊಳಗೆ ನುಗ್ಗಿದ ನೀರು ಸೋಗೆಯ ಕೆಳಗೆ ಅಡಗಿ ಕುಳಿತಿತ್ತು, ಈ ರಾಡಾರಿನ ಅಲೆ ಅಲ್ಲಿಗೆ ಇಳಿಯುವುದಿಲ್ಲ. ಕಡಲಿಗೆ ಹತ್ತಿರದ ಚಂದ್ರಗಿರಿ ಸೇತುವೆಯ ಕಡೆ ಉಬ್ಬರವಿಳಿತದಿಂದ ನೀರಿನ ಅಂಚು ದಿನಕ್ಕೊಂದು ಬಗೆ. ಸೆಂಟಿನೆಲ್-2 ಬರುವುದು ಬೆಳಗ್ಗೆ ಹನ್ನೊಂದರ ಸುಮಾರಿಗೆ, ಕಡಲು ಆ ಹೊತ್ತಿಗೆ ಕಾಯುವುದಿಲ್ಲ. ಆ ಭಾಗವನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಒಂದು ಕಡೆ ನನ್ನ ಲೆಕ್ಕ ಮೂವತ್ತೆಂಟು ಮೀಟರ್ ಎಂದಿತು. ನಂಬದೆ ಹೋಗಿ ನೋಡಿದೆ. ಎರಡೂ ದಂಡೆಗೆ ಮುರಕಲ್ಲಿನ ಗೋಡೆ, ಗೋಡೆಯ ಹಿಂದೆ ಎಳೆಯ ಅಡಿಕೆ. ಟೇಪು ನಲವತ್ತೊಂದು ತೋರಿಸಿತು. ಅದರ ಮೇಲ್ಭಾಗದಲ್ಲಿ ಹೊಳೆಯ ಜಾಗ ಇದರ ಮೂರರಷ್ಟಿದೆ. ಬರುವ ನವೆಂಬರಿನಲ್ಲಿ, ಕಟ್ಟ ಏಳುವ ಮೊದಲೇ, ಕಾಸರಗೋಡಿನ ಇನ್ನೊಂದು ಹೊಳೆ ಶಿರಿಯವನ್ನು ಅಳೆಯಲು ಇಳಿಯುತ್ತೇನೆ.