ದಪ್ಪ ಮರ ಕೊಳ್ಳುವಾಗ ಹೊಟ್ಟೆಯ ಹಸಿ ನೋಡಿ

ಮೇಜಿನ ಕಾಲಿಗೆಂದು ಮೂರು ಇಂಚಿನ ಮರ ತರುತ್ತಾರೆ. ಆರು ತಿಂಗಳಿಗೆ ಸಂದು ಬಿಡುತ್ತದೆ. ಬೈಗುಳ ಬಡಗಿಗೆ. ಹೆಚ್ಚಿನ ಸಲ ತಪ್ಪು ಅವರದಲ್ಲ. ಮರ ಮೇಲೆ ಒಣಗಿತ್ತು, ಒಳಗೆ ಹಸಿಯಿತ್ತು, ಅಷ್ಟೇ.

1. ಅಳತೆ: ಬೇಕಾದ ದಪ್ಪಕ್ಕಿಂತ ಕಾಲು ಇಂಚು, ಉದ್ದಕ್ಕಿಂತ ಅರ್ಧ ಅಡಿ ಜಾಸ್ತಿ ಕೇಳಿ, ಹಸಿ ನೋಡಲು ಕತ್ತರಿಸುವ ಒಂದಡಿ ಬೇರೆ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಹಿಡಿದು ಗುಣಿಸಿ, 144ರಿಂದ ಭಾಗಿಸಿ. ಬಂದದ್ದು ಘನ ಅಡಿ.

2. ಎಲ್ಲಿ ಹುಡುಕುವುದು: ದಿಮ್ಮಿಯನ್ನು ತಾವೇ ಕೊಯ್ಯುವ ಸಾಮಿಲ್‌ನಲ್ಲಿ. ಹಳೇ ಮನೆ ಕೆಡವಿದಾಗ ಸಿಗುವ ತೊಲೆ, ಕಂಬಗಳೂ ನನಗೆ ಬಹಳ ಇಷ್ಟ. ಮೊಳೆ ಕಿತ್ತ ಮೇಲೆಯೇ ಗರಗಸಕ್ಕೆ ಕೊಡಿ.

3. ಹಸಿ ಪರೀಕ್ಷೆ: ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯವರು ಮಾಯಿಶ್ಚರ್ ಮೀಟರ್ (ಮುಳ್ಳು ಚುಚ್ಚಿ ಹಸಿ ಅಳೆಯುವ ಉಪಕರಣ) ಚುಚ್ಚಿ ‘ನೋಡಿ, ಹತ್ತೇ ಪರ್ಸೆಂಟ್’ ಅಂತಾರೆ. ಮುಳ್ಳು ಇಳಿಯುವುದು ಕೆಲವೇ ಮಿಲಿಮೀಟರ್, ಮೂರು ಇಂಚಿನ ಮರದ ಹೊಟ್ಟೆ ಅದಕ್ಕೆ ಎಲ್ಲಿ ಗೊತ್ತಾಗಬೇಕು? ತುದಿಯಲ್ಲಿ ಚುಚ್ಚಿದರೂ ಸುಮ್ನೆ, ಏಕೆಂದರೆ ತುದಿ ಎಲ್ಲಕ್ಕಿಂತ ಬೇಗ ಒಣಗುತ್ತದೆ. ತುದಿಯಿಂದ ಒಂದಡಿ ಕತ್ತರಿಸಿ ಹಾಕಿಸಿ. ಹೊಸದಾಗಿ ತೆರೆದ ಮುಖದ ನಟ್ಟನಡುವೆ ಚುಚ್ಚಿ, ಆಮೇಲೆ ಅಂಚಿನಲ್ಲಿ ಚುಚ್ಚಿ. ಮನೆಯೊಳಗಿನ ಪೀಠೋಪಕರಣಕ್ಕೆ 8ರಿಂದ 12 ಪರ್ಸೆಂಟ್ ಸರಿ. ನಡುವಿಗೂ ಅಂಚಿಗೂ ಮೂರಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ನಾನಂತೂ ಕೊಳ್ಳುವುದಿಲ್ಲ.

ಮೀಟರ್ ಇಲ್ಲವೇ? ಆ ಮುಖದಿಂದಲೇ ಒಂದು ತೆಳು ಬಿಲ್ಲೆ ಕೊಯ್ದು ತೂಗಿ. ನೂರು ಡಿಗ್ರಿಗೆ ಸ್ವಲ್ಪ ಮೇಲೆ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 120 ಗ್ರಾಂ ಇದ್ದದ್ದು 100ಕ್ಕೆ ನಿಂತರೆ, ಒಣ ತೂಕದ ಲೆಕ್ಕದಲ್ಲಿ ಹಸಿ 20 ಪರ್ಸೆಂಟ್, ಅಂದರೆ ಬೇಡ.

‘ಕಿಲ್ನ್‌ನಲ್ಲಿ ಸೀಸನ್ ಆಗಿದೆ’, ಅಂದರೆ ಬಿಸಿ ಕೋಣೆಯಲ್ಲಿಟ್ಟು ಒಣಗಿಸಿದೆ, ಎಂದ ಮಾತ್ರಕ್ಕೆ ನಂಬಬೇಡಿ. ಅವಸರದಲ್ಲಿ ಒಣಗಿಸಿದರೆ ಮೇಲ್ಪದರ ಬಿಗಿದುಕೊಂಡು ಹೊಟ್ಟೆಯೊಳಗೆ ಸೀಳು ಬೀಳುತ್ತದೆ. ಕೊಯ್ದ ಮೇಲೇ ಅದು ಕಾಣುವುದು. ಗಾಳಿಯಲ್ಲಿ ಒಣಗಲು ಇಂಚಿಗೊಂದು ವರ್ಷ ಎನ್ನುವ ಲೆಕ್ಕವೂ ತೆಳು ಹಲಗೆಗೆ ಸರಿ. ದಪ್ಪ ಹೆಚ್ಚಿದಷ್ಟೂ ಕಾಯುವುದು ಅದಕ್ಕಿಂತ ಜಾಸ್ತಿ.

4. ತುದಿಯ ಮುಖ ಓದಿ: ದಿಮ್ಮಿಯ ನಡುಚುಕ್ಕೆ ಆ ತುಂಡಿನೊಳಗೇ ಇದ್ದರೆ ಬಿಟ್ಟುಬಿಡಿ, ಇಂದಲ್ಲ ನಾಳೆ ಸೀಳುತ್ತದೆ. ಮೇಜಿನ ಕಾಲಿಗಾದರೆ, ಮರದ ಬೆಳವಣಿಗೆಯ ಉಂಗುರಗಳು ಮೂಲೆಯಿಂದ ಮೂಲೆಗೆ ಓರೆಯಾಗಿ ಹೋದ ತುಂಡು ಆರಿಸಿ. ಆಗ ನಾಲ್ಕೂ ಬದಿಯ ಎಳೆ ಒಂದೇ ಥರ ಕಾಣುತ್ತದೆ. ಅಂಚಿನ ಬಿಳಿ ಭಾಗ ಹುಳಕ್ಕೆ ಹಬ್ಬ, ಕೊಯ್ದು ಬಿಸಾಡಿ. ತುದಿಗೆ ಬಣ್ಣ ಬಳಿದಿದ್ದರೆ ಅನುಮಾನ ಬೇಡ, ಬಿರುಕು ಬಿಡದಿರಲೆಂದು ಬಳಿದಿರುತ್ತಾರೆ. ಮೈಗೆ ಬಳಿದಿದ್ದರೆ ಮಾತ್ರ ಕೆರೆದು ನೋಡಿ. ಗೋಂದು, ಮರದ ಪುಡಿ ತುಂಬಿದ ಬಿರುಕು ಸಿಕ್ಕೀತು.

5. ಮನೆಗೆ ತಂದ ಮೇಲೆ: ಗೋಡೆಗೆ ಒರಗಿಸಬೇಡಿ. ನಡುವೆ ಇಂಚು ದಪ್ಪದ ಪಟ್ಟಿ ಕೊಟ್ಟು ಮಲಗಿಸಿ, ಕೆಲವು ವಾರ ಬಿಡಿ.

ಒಣಗಿದ ಮೂರಿಂಚು ಸಿಗದಿದ್ದರೆ ಹಠ ಬೇಡ. ಚೆನ್ನಾಗಿ ಒಣಗಿದ ಎರಡು ಇಂಚಿನ ಹಲಗೆ ಎರಡು ತಂದು, ಮುಖ ನಯಮಾಡಿ, ಒಂದೇ ದಿಮ್ಮಿಯವು ಸಿಕ್ಕರೆ ಎಳೆ ಹೊಂದಿಸಿ, ಅಂಟು ಹಾಕಿ ಕ್ಲಾಂಪ್ ಬಿಗಿಯಿರಿ. ಜೋಡಿಸಿದ ಗೆರೆ ಮುಂದಕ್ಕೆ ಬರದೆ ಪಕ್ಕಗಳಿಗೆ ಬರುವಂತೆ ಕಾಲು ನಿಲ್ಲಿಸಿದರಾಯಿತು.